ಕಾಡತ್ತಿ ಹಾಲಿನ ಗಾಯ

ಗಾಯಕ್ಕೆ ಜನ ಏನೇನು ಹಚ್ಚಿಕೊಂಡು ಬರುತ್ತಾರೆ ಅನ್ನುವುದನ್ನು ನೋಡಿಯೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬೆಚ್ಚಿಬೀಳುತ್ತಿದ್ದೆ. ಸುಟ್ಟ ಕೈಗೆ ಹಲ್ಲುಜ್ಜುವ ಪೇಸ್ಟು, ಇಂಕು, ಮೊಟ್ಟೆಯ ಲೋಳೆ. ಕೊಯ್ದ ಬೆರಳಿಗೆ ಕಾಫಿಪುಡಿ. ಕುರುವಿಗೆ ಬಿಸಿ ಮಾಡಿದ ಎಕ್ಕದ ಎಲೆ. ಒಬ್ಬಾತ ನಾಯಿ ಕಚ್ಚಿದ ಜಾಗಕ್ಕೆ ಬ್ಯಾಟರಿಯ ಕಪ್ಪು ಪುಡಿ ಮೆತ್ತಿಕೊಂಡು ಬಂದಿದ್ದ. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಆಗ ನಮ್ಮ ಡ್ರೆಸ್ಸಿಂಗ್ ರೂಮಿಗೆ ಮೇರಿ ಸಿಸ್ಟರ್ ಅನ್ನುವ ಹಿರಿಯರಿದ್ದರು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ತೊಳಿ ಶಕೀಲಾ, ಬೈಬೇಡ. ಬೈದ್ರೆ ನಾಳೆ ಬರೋನು ಹಚ್ಕೊಂಡಿದ್ದನ್ನ ಮುಚ್ಚಿಟ್ಕೊಂಡು ಬರ್ತಾನೆ" ಅಂದರು. ನರ್ಸಿಂಗ್ ಶಾಲೆಯಲ್ಲಿ ಕಲಿತದ್ದರಲ್ಲಿ ಎಷ್ಟೋ ಮರೆತಿದ್ದೇನೆ, ಇದನ್ನು ಮರೆತಿಲ್ಲ.

ನಾನು ಬೆಂಗಳೂರಿನ ಉತ್ತರ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಸರ್ವೀಸಿನ ಬಹುಭಾಗ ಕಳೆದದ್ದು ಚರ್ಮದ ವಿಭಾಗದಲ್ಲಿ, ಅದರ ಪಕ್ಕದ ಸುಟ್ಟಗಾಯದ ವಾರ್ಡಿನಲ್ಲಿ. ಸೋಲದೇವನಹಳ್ಳಿ ಕಡೆಯ ಕಾಲೇಜುಗಳಿಂದ ನರ್ಸಿಂಗ್ ಓದುವ ಹುಡುಗಿಯರು ನಮ್ಮಲ್ಲಿಗೆ ಪೋಸ್ಟಿಂಗಿಗೆ ಬರುತ್ತಿದ್ದರು. ಅವರಲ್ಲಿ ಕೆಲವರು ಈಗಲೂ ಮನೆಗೆ ಬಂದು, "ಸಿಸ್ಟರ್, ನೀವು ನೋಡಿದ್ದನ್ನೆಲ್ಲ ಬರೀರಿ" ಅನ್ನುತ್ತಾರೆ. ನೋಡಿದ್ದನ್ನೆಲ್ಲ ಬರೆದರೆ ನೀವು ಯಾರೂ ಈ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಒಂದು ಮರದ ವಿಷಯವನ್ನಷ್ಟೇ ಬರೆಯುತ್ತೇನೆ. ಆಸ್ಪತ್ರೆಗೂ ಮರಕ್ಕೂ ಏನು ಸಂಬಂಧ ಅನ್ನಬೇಡಿ. ನನ್ನ ಸರ್ವೀಸಿನಲ್ಲಿ ನನ್ನನ್ನು ಅತಿ ಹೆಚ್ಚು ನಡುಗಿಸಿದ್ದು ಆ ಮರ, ಅದಕ್ಕಿಂತ ಹೆಚ್ಚಾಗಿ ಅದರ ಸುತ್ತ ನಿಂತಿದ್ದ ಜನ.

ಅತ್ತಿ ಅಂದರೆ ನನಗೆ ಮೊದಲಿಂದ ಭಯವೇ ಇರಲಿಲ್ಲ. ಆರ್.ಟಿ. ನಗರದಲ್ಲಿ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಒಂದು ಅತ್ತಿಮರವಿತ್ತು. ಬುಡದಿಂದಲೇ ಗೊಂಚಲು ಗೊಂಚಲು ಕೆಂಪು ಹಣ್ಣು, ಒಡೆದು ನೋಡಿದರೆ ಒಳಗೆ ಸಣ್ಣ ಸಣ್ಣ ಹುಳ. ಚಿಕ್ಕವಳಿದ್ದಾಗ ನನಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡಾಗ ನಮ್ಮಮ್ಮ ಅದೇ ಮರದ ತೊಗಟೆ ಗೀರಿ, ಒಸರಿದ ಹಾಲನ್ನು ಹತ್ತಿಯಲ್ಲಿ ಅದ್ದಿ ತಂದು ಹಚ್ಚಿದ್ದಳು. "ಗೂಲರ್ ಕಾ ದೂದ್ ಹೈ, ಕುಚ್ ನೈ ಹೋತಾ" ಅಂದಿದ್ದಳು, ಅತ್ತಿಯ ಹಾಲು, ಏನೂ ಆಗಲ್ಲ ಅಂತ. ನಿಜಕ್ಕೂ ಏನೂ ಆಗಲಿಲ್ಲ. ಪಕ್ಕದ ಮನೆಯ ಅಜ್ಜಿ ಬಾಯಿಹುಣ್ಣಿಗೆ ಅದರ ತೊಗಟೆಯ ಕಷಾಯ ಮಾಡಿ ಮುಕ್ಕಳಿಸುತ್ತಿದ್ದರು. ಆಸ್ಪತ್ರೆಗೆ ಬಂದ ಮೇಲೂ ಯಾರಾದರೂ ಒಡೆದ ಹಿಮ್ಮಡಿಗೆ ಅತ್ತಿ ಹಾಲು ಹಚ್ಚಿದೆ ಅಂದರೆ ನಾನು ತಲೆಯಾಡಿಸಿ ಮುಂದಿನ ಪೇಷಂಟನ್ನು ಕರೆಯುತ್ತಿದ್ದೆ. ಪೇಸ್ಟು, ಇಂಕಿಗಿಂತ ವಾಸಿ ಅನ್ನುವುದು ನನ್ನ ಅಭಿಪ್ರಾಯವಾಗಿತ್ತು.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇದ್ದಾಗಿನ ಒಂದು ಬೇಸಗೆ. ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಎಮರ್ಜೆನ್ಸಿ ಬಾಗಿಲಲ್ಲಿ ಹೆಂಗಸೊಬ್ಬಳು ಎದೆ ಬಡಿದುಕೊಂಡು ಅಳುವ ಸದ್ದು. ಓಡಿದೆ. ಗೂಡ್ಸ್ ಆಟೋದ ಹಿಂದಿನಿಂದ ಒಬ್ಬ ಹುಡುಗಿಯನ್ನು ಇಳಿಸುತ್ತಿದ್ದರು. ಇಪ್ಪತ್ತರ ಆಸುಪಾಸು. ಹೆಸರು ಗೀತಾ. ಇಳಿಸುತ್ತಿದ್ದವನು ಅವಳ ಅಣ್ಣ ಲೋಕೇಶ, ಯಶವಂತಪುರದ ಮಾರ್ಕೆಟ್ಟಿಗೆ ಈರುಳ್ಳಿ ಸಾಗಿಸುವವನು, ಆಟೋ ಅವನದೇ. ಎದೆ ಬಡಿದುಕೊಳ್ಳುತ್ತಿದ್ದವಳು ತಾಯಿ. ಮಗಳು ಮದುವೆಯಾಗಿ ವರ್ಷ ತುಂಬಿರಲಿಲ್ಲ. ಚಿಕ್ಕಬಾಣಾವರದಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಗಂಡನ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದಳು. ತಾಯಿ ಆ ದಿನ ಹೇಳದೆ ಕೇಳದೆ ಮಗಳನ್ನು ನೋಡಲು ಹೋದವಳು, ಬಾಗಿಲು ತೆಗೆದ ಮಗಳನ್ನು ಕಂಡು ಕಿರುಚಿ ಮಗನನ್ನು ಕರೆಸಿದ್ದಳು.

"ಆಸಿಡ್ ಆಕವ್ನೆ ಸಿಸ್ಟ್ರಮ್ಮಾ, ನನ್ ಮಗೀಗೆ ಆಸಿಡ್ ಆಕವ್ನೆ!" ಅಂತ ನನ್ನ ಕೈ ಹಿಡಿದಳು.

ಹುಡುಗಿಯ ಹೊದಿಕೆ ಸರಿಸಿ ನೋಡಿದೆ. ಕುತ್ತಿಗೆಯ ಒಂದು ಪಕ್ಕ ದಪ್ಪ ದಪ್ಪ ಬೊಬ್ಬೆ, ನೀರು ತುಂಬಿಕೊಂಡು ಹೊಳೆಯುತ್ತಿದ್ದವು. ಅಲ್ಲಿಂದ ಕೆಳಕ್ಕೆ ಎದೆಯ ಕಡೆ ಹನಿ ಹರಿದ ದಾರಿಯಲ್ಲೇ ಕೆಂಪು ಗೆರೆಗಳು. ಎರಡೂ ಮುಂಗೈ ಬೆಂದಿದ್ದವು. ಇಷ್ಟು ನಾನು ನೋಡಿದ್ದೆ, ಇದಕ್ಕಿಂತ ಕೆಟ್ಟದ್ದೂ ನೋಡಿದ್ದೆ. ಆದರೆ ತೋಳಿನ ಮೇಲ್ಭಾಗದಲ್ಲಿ ಇದ್ದಂಥದ್ದನ್ನು ನೋಡಿರಲಿಲ್ಲ. ಅಲ್ಲಿ ನಾಲ್ಕು ಬೆರಳು ಮೂಡಿದ್ದವು. ಗಂಡಸಿನ ಬೆರಳು, ಅಗಲ ಅಗಲ. ಒಂದೊಂದು ಬೆರಳೂ ಒಂದೊಂದು ಸುಟ್ಟಗಾಯ. ಯಾರೋ ಅಲುಗಾಡದ ಹಾಗೆ ಹಿಡಿದುಕೊಂಡು ಮಾಡಿದ ಕೆಲಸ ಅನ್ನುವುದಕ್ಕೆ ಇನ್ನೇನು ಬೇಕು?

ಡ್ಯೂಟಿ ಡಾಕ್ಟರು ಹೊಸಬರು. ಅವರು ಆ ಬೆರಳುಗಳನ್ನು ಎರಡೆರಡು ಸಲ ನೋಡಿದರು. ಆಮೇಲೆ ರಾಸಾಯನಿಕದ ಸುಟ್ಟಗಾಯ ಇರಬಹುದು ಅಂತ ಬರೆದು ಪೊಲೀಸರಿಗೆ ತಿಳಿಸಲು ಹೇಳಿದರು. ಅದು ಕಾನೂನು, ಬರೆಯಲೇಬೇಕು. ನಾವು ನೀರು ಸುರಿದು ತೊಳೆದೆವು, ಡ್ರಿಪ್ ಹಾಕಿದೆವು.

ಡ್ರಿಪ್ ಹಾಕುವಾಗ ನಾನು ಕೇಳಿದೆ, "ಯಾರಮ್ಮ ಮಾಡಿದ್ದು? ಹೆದ್ರಬೇಡ, ನಾನಿದೀನಿ."

ಗೀತಾ ಗೋಡೆ ಕಡೆ ಮುಖ ಮಾಡಿಕೊಂಡು, "ಯಾರೂ ಏನೂ ಮಾಡಿಲ್ಲ ಸಿಸ್ಟರ್" ಅಂದಳು.

ಈಗ ಓದುತ್ತಿರುವ ಮಕ್ಕಳಿಗೆ ಒಂದು ವಿಷಯ ಗೊತ್ತಿರಬೇಕು. ಸುಟ್ಟಗಾಯದ ವಾರ್ಡಿನಲ್ಲಿ ಮಲಗುವ ಹೆಂಗಸರು ಹೇಳುವ ಮಾತು ಇದೇ. ಸ್ಟೌ ಸಿಡಿಯಿತು, ಸೆರಗಿಗೆ ಹತ್ತಿಕೊಂಡಿತು, ಯಾರೂ ಏನೂ ಮಾಡಿಲ್ಲ. ಮಂಚದ ಕಾಲ ಹತ್ತಿರ ಗಂಡನೋ ಅತ್ತೆಯೋ ನಿಂತಿರುತ್ತಾರೆ. ಎಷ್ಟೋ ಜನ ಆ ಮಾತನ್ನೇ ಹೇಳುತ್ತಾ ನನ್ನ ಕಣ್ಣ ಮುಂದೆ ಸತ್ತಿದ್ದಾರೆ. ಹಾಗಾಗಿ "ಯಾರೂ ಏನೂ ಮಾಡಿಲ್ಲ" ಅನ್ನುವುದನ್ನು ಕೇಳಿದ ತಕ್ಷಣ ನಮ್ಮ ಕಿವಿ ಅದನ್ನು ತಿರುಗಿಸಿ "ಯಾರೋ ಮಾಡಿದ್ದಾರೆ" ಅಂತಲೇ ಕೇಳಿಸಿಕೊಳ್ಳುತ್ತದೆ. ಆ ಹುಡುಗಿ ನಿಜ ಹೇಳುತ್ತಿದ್ದಳು. ನಂಬುವ ಅಭ್ಯಾಸ ನಮಗೆ ಯಾರಿಗೂ ಉಳಿದಿರಲಿಲ್ಲ.

ಆಸ್ಪತ್ರೆಯ ಪೊಲೀಸ್ ಚೌಕಿಯಲ್ಲಿ ಹೆಡ್ ಕಾನ್‌ಸ್ಟೆಬಲ್ ರುದ್ರಪ್ಪ ಅಂತಿದ್ದರು. ದೊಡ್ಡ ಆಳು, ದೊಡ್ಡ ಗಂಟಲು. ಅವರು ಕಾರಿಡಾರಿನಲ್ಲಿ ಬಂದರೆ ಜನ ತಾವಾಗಿ ದಾರಿ ಬಿಡುತ್ತಿದ್ದರು. ಅವರೂ ಬಂದು ಕೇಳಿದರು. ಅದೇ ಉತ್ತರ. ತೋಳಿನ ಗುರುತನ್ನು ಬಗ್ಗಿ ನೋಡಿ, "ಇದೇನಮ್ಮ ಹಂಗಾದ್ರೆ? ದೆವ್ವ ಬಂದು ಹಿಡ್ಕೊಂಡಿತ್ತಾ?" ಅಂದರು. ಗೀತಾ ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಲೋಕೇಶ ಆ ಬೆರಳುಗಳನ್ನು ನೋಡಿದ್ದು ಆಗಲೇ. ನೋಡಿದವನು ಸೀದಾ ಆಚೆ ಹೋದ.

ಅಷ್ಟರಲ್ಲಿ ಗಂಡ ಬಂದ. ಮಹೇಶ, ಯಶವಂತಪುರದ ಒಂದು ವರ್ಕ್‌ಶಾಪಿನಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡರ್. ಯಾರೋ ಪಕ್ಕದ ಮನೆಯವರು ಫೋನ್ ಮಾಡಿದ್ದರಂತೆ, ಕೆಲಸ ಬಿಟ್ಟು ಹಾಗೇ ಓಡಿಬಂದಿದ್ದ. ಶರ್ಟಿನ ತುಂಬ ಕಿಡಿ ಹಾರಿ ಬಿದ್ದ ತೂತುಗಳು. ವಾರ್ಡಿನ ಬಾಗಿಲ ಹತ್ತಿರ ರುದ್ರಪ್ಪ ಅವನ ಎದೆಗೆ ಕೈ ಇಟ್ಟು ತಡೆದರು.

"ನಿಲ್ಲೋ. ಯಾರು ನೀನು?"

"ಗೀತಾ ಗಂಡ ಸಾರ್. ಎಲ್ಲಿದಾಳೆ? ಜಾಸ್ತಿ ಆಗಿದ್ಯಾ?"

"ಜಾಸ್ತಿ ಆಗಿದ್ಯಾ ಅಂತೀಯಾ? ಏನಾಗಿದೆ ಅಂತ ಗೊತ್ತು ಅಂದಂಗಾಯ್ತು. ನೀನೇನಾ ಮಾಡಿದ್ದು?"

ಮಹೇಶ ಒಂದು ಸಲ ವಾರ್ಡಿನ ಒಳಗೆ ನೋಡಿದ. ಆಮೇಲೆ ತಲೆ ತಗ್ಗಿಸಿ, "ನಾನೇ ಸಾರ್ ತಂದಿದ್ದು. ನಾನೇ ಹಚ್ಚಿದ್ದು" ಅಂದ.

ಮುಂದಿನ ಮಾತು ಅವನ ಬಾಯಿಂದ ಬರಲಿಲ್ಲ. ಲೋಕೇಶ ಎಲ್ಲಿದ್ದನೋ, ಯಾರೋ ಬೆಂಚಿನ ಮೇಲಿಟ್ಟಿದ್ದ ಹೆಲ್ಮೆಟ್ಟನ್ನು ಎತ್ತಿ ಬೀಸಿ ಮುಖಕ್ಕೆ ಹೊಡೆದ. "ಲೇ, ನಾನೇ ಅಚ್ಚಿದ್ದು ಅಂತೀಯೇನೋ, ನಮ್ ಉಡುಗೀನ ಸುಟ್ಬುಟ್ಟು!" ಮಹೇಶ ಹಿಂದಕ್ಕೆ ಬಿದ್ದು ಸ್ಟ್ರೆಚರ್ ಟ್ರಾಲಿಯ ಕಬ್ಬಿಣದ ಅಂಚಿಗೆ ಹೊಡೆದುಕೊಂಡ. ರುದ್ರಪ್ಪ ಲೋಕೇಶನನ್ನು ಹಿಡಿಯಲು ಹೋದರು. ಆದರೆ ಅಷ್ಟರಲ್ಲಿ ಆ ಕಾರಿಡಾರಿನಲ್ಲಿ ಇದ್ದವರೆಲ್ಲ ಎದ್ದಿದ್ದರು. ಯಾರು ಯಾರೋ. ಹೆರಿಗೆಗೆ ಹೆಂಡತಿಯನ್ನು ಕರೆತಂದಿದ್ದವನು, ಮಗುವಿನ ಎಕ್ಸ್‌ರೇಗೆ ಕಾಯುತ್ತಿದ್ದವನು, ಕ್ಯಾಂಟೀನಿನಿಂದ ಟೀ ತರುತ್ತಿದ್ದವನು. ಟೀ ಫ್ಲಾಸ್ಕನ್ನು ಜೋಪಾನವಾಗಿ ಬೆಂಚಿನ ಮೇಲಿಟ್ಟು ಬಂದು ಒದ್ದ ಅವನು. ಅದು ಈಗಲೂ ನನ್ನ ಕಣ್ಣಲ್ಲಿದೆ. ಮಹೇಶನ ಹೆಸರೂ ಗೊತ್ತಿಲ್ಲದವರು ಅವನನ್ನು ತುಳಿದರು. ನಾನು "ಬಿಡ್ರೋ, ಸಾಯ್ತಾನೆ ಬಿಡ್ರೋ!" ಅಂತ ಕೂಗುತ್ತಾ ಮಧ್ಯೆ ನುಗ್ಗಿದೆ. ನನ್ನನ್ನೂ ಯಾರೋ ತಳ್ಳಿದರು.

ಆಗ ವಾರ್ಡಿನ ಬಾಗಿಲು ದಡ್ ಅಂತ ತೆರೆಯಿತು. ಗೀತಾ ಡ್ರಿಪ್ ಸ್ಟ್ಯಾಂಡನ್ನು ಎಳೆದುಕೊಂಡೇ ಬಂದಿದ್ದಳು. ಕುತ್ತಿಗೆಯ ಒಂದು ಬೊಬ್ಬೆ ಒಡೆದು ನೀರು ಸುರಿಯುತ್ತಿತ್ತು.

"ಔಷಧಿ ಕಣೋ ಅಣ್ಣಾ ಅದು! ಆಸಿಡ್ ಅಲ್ಲ! ಅತ್ತಿ ಹಾಲು ಕಣೋ! ನಾನೇ ಅಚ್ಚು ಅಂದಿದ್ದು!"

ಲೋಕೇಶನ ಕೈ ಗಾಳಿಯಲ್ಲೇ ನಿಂತಿತು. "ಯಾತಕ್ಕೆ ಔಷ್ದಿ? ಏನಾಗೈತೆ ನಿಂಗೆ?"

ಗೀತಾ ಸುತ್ತಲಿದ್ದ ಅಷ್ಟೂ ಜನರನ್ನು ನೋಡಿದಳು. ಆಮೇಲೆ ನೆಲ ನೋಡುತ್ತಾ ಕೂಗಿದಳು. "ತೊನ್ನು ಕಣೋ! ನಂಗೆ ತೊನ್ನು ಬಂದೈತೆ!"

ಆಮೇಲೆ ಆದದ್ದನ್ನು ನಾನು ಸರಿಯಾಗಿ ಹೇಳಬೇಕು, ಯಾಕೆಂದರೆ ಹೊಡೆತಕ್ಕಿಂತ ನನ್ನನ್ನು ಹೆಚ್ಚು ನಡುಗಿಸಿದ್ದು ಅದು. ಅಲ್ಲಿಯವರೆಗೆ ಆ ಹುಡುಗಿಗಾಗಿ ಒಬ್ಬನನ್ನು ಕೊಲ್ಲಲು ತಯಾರಿದ್ದ ಜನ, ಅವಳಿಂದ ಹಿಂದೆ ಸರಿದರು. ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲರೂ ಒಟ್ಟಿಗೆ ಸರಿದರು. ಒಬ್ಬ ಹೆಂಗಸು ತನ್ನ ಮಗುವನ್ನು ಎಳೆದು ಸೆರಗಿನೊಳಗೆ ಹಾಕಿಕೊಂಡಳು. ಕಾರಿಡಾರಿನ ನಡುವೆ ಖಾಲಿ ಜಾಗ, ಅದರಲ್ಲಿ ಗೀತಾ, ಡ್ರಿಪ್ ಸ್ಟ್ಯಾಂಡು, ನೆಲದ ಮೇಲೆ ರಕ್ತದಲ್ಲಿ ಮಹೇಶ. ಅವಳು ಅವನ ಪಕ್ಕ ಕುಕ್ಕರಿಸಿದಳು. ತೊನ್ನು ಅಂಟುವ ರೋಗವೇ ಅಲ್ಲ ಅಂತ ಆ ಗೋಡೆಯ ಮೇಲೇ ನಮ್ಮ ಇಲಾಖೆಯ ಬಣ್ಣದ ಬೋರ್ಡು ಇತ್ತು. ಅದಕ್ಕೆ ಬೆನ್ನು ಒತ್ತಿಕೊಂಡು ನಿಂತಿದ್ದರು ಜನ.

ನಮ್ಮ ಚರ್ಮದ ವಿಭಾಗದ ಮುಖ್ಯಸ್ಥೆ ಡಾ. ವಸುಧಾ ಆ ಹೊತ್ತಿಗೆ ಗಲಾಟೆ ಕೇಳಿ ಬಂದರು. ಮುಂಗೋಪಿ ಹೆಂಗಸು, ವಿದ್ಯಾರ್ಥಿಗಳು ಅವರ ನೆರಳು ಕಂಡರೆ ಅಡಗುತ್ತಿದ್ದರು. ಆ ದಿನ ಮಾತ್ರ ಅವರು ಕೂಗಾಡಲಿಲ್ಲ. ಮಹೇಶನನ್ನು ಎತ್ತಿಸಿ ಎಮರ್ಜೆನ್ಸಿಗೆ ಕಳಿಸಿದರು. ಗೀತಾಳನ್ನು ತಾವೇ ಹಿಡಿದು ಒಳಗೆ ಕೂರಿಸಿ, ನನಗೆ ಬಾಗಿಲು ಹಾಕಲು ಹೇಳಿ, ಅವಳ ಪಕ್ಕದಲ್ಲೇ ಮಂಚದ ಮೇಲೆ ಕೂತರು.

"ಯಾವ ಅತ್ತಿ ಅಮ್ಮಾ? ಎಲೆ ಹೆಂಗಿತ್ತು?"

ಎಲೆ ಒರಟು, ಉಪ್ಪು ಕಾಗದದ ಹಾಗೆ ಕೈಗೆ ತರಚುತ್ತಿತ್ತಂತೆ. ಕಾಯಿ ಕೆಂಪಲ್ಲ, ಹಸಿರು, ಮೇಲೆ ಸಣ್ಣ ಕೂದಲು. ಚಿಕ್ಕಬಾಣಾವರದ ಕೆರೆಗೆ ಹೋಗುವ ಕಾಲುವೆಯ ಪಕ್ಕ ಇದ್ದ ಗಿಡ. ಮಹೇಶ ಕಾಯಿಗಳನ್ನು ಮುರಿದು ಮುರಿದು ಲೋಟದಲ್ಲಿ ಹಾಲು ಹಿಡಿದು ತಂದಿದ್ದ.

"ಅದು ಅತ್ತಿ ಅಲ್ಲಮ್ಮ, ಕಾಡತ್ತಿ. ಹಚ್ಕೊಂಡು ಬಿಸಿಲಿಗೆ ಹೋದ್ಯಾ?"

"ಊಂ ಮೇಡಂ. ತಾರಸಿ ಮೇಲೆ ನಿಂತ್ಕೊಂಡೆ. ಮಧ್ಯಾಹ್ನ. ತಲೆ ತಿರುಗೋವರ್ಗೂ ನಿಂತ್ಕೊಂಡೆ. ಆವಾಗ ಏನೂ ಆಗ್ಲಿಲ್ಲ. ಮಾರನೇ ದಿನ ಉರಿ ಶುರುವಾಯ್ತು."

"ಈ ಬೆರಳಿನ ಗುರುತು?"

"ತಲೆ ಸುತ್ತಿ ಬೀಳಂಗಾದೆ. ಅವ್ರು ಓಡಿಬಂದು ತೋಳು ಇಡ್ಕೊಂಡ್ರು. ಅವ್ರ ಕೈಯಲ್ಲಿ ಹಾಲಿತ್ತು."

ನಾನು ಬಾಗಿಲಿಗೆ ಒರಗಿ ನಿಂತೆ. ಬೀಳುವವಳನ್ನು ಹಿಡಿದ ಕೈಯ ಗುರುತು ಅದು. ಅದನ್ನು ನೋಡಿಯೇ ಅಲ್ಲವೇ ನಾವೆಲ್ಲ ತೀರ್ಮಾನ ಮಾಡಿದ್ದು.

ಡಾ. ವಸುಧಾ ಎದ್ದು ನಮ್ಮ ಔಷಧದ ಬೀರು ತೆಗೆದು ಒಂದು ಸಣ್ಣ ಬಾಟಲಿ ತಂದು ನನ್ನ ಕೈಗಿಟ್ಟರು. ತೊನ್ನಿಗೆ ನಾವು ಕೊಡುತ್ತಿದ್ದ ಲೋಷನ್. ಪ್ರತಿದಿನ ನಾನೇ ಅದನ್ನು ಜನರಿಗೆ ಕೊಟ್ಟು, ನೀರು ಬೆರೆಸಿ ಕಲೆಯ ಮೇಲೆ ಮಾತ್ರ ಹಚ್ಚಿ, ಎಳೆ ಬಿಸಿಲಲ್ಲಿ ಸ್ವಲ್ಪವೇ ಹೊತ್ತು ನಿಲ್ಲಿ ಅಂತ ಹೇಳಿ ಹೇಳಿ ಬಾಯಿ ಸವೆಸಿಕೊಂಡಿದ್ದೆ.

"ಇದ್ರಲ್ಲಿರೋದೂ ಆ ಹಾಲಲ್ಲಿರೋದೂ ಒಂದೇ ಜಾತಿ ಪದಾರ್ಥ ಶಕೀಲಾ. ಬಿಸಿಲು ಬಿದ್ರೆ ಕೆಲಸ ಶುರು ಮಾಡುತ್ತೆ. ಹಳೇ ವೈದ್ಯರಿಗೂ ಈ ಮರ ಗೊತ್ತಿತ್ತು, ತೊನ್ನಿಗೆ ಕೊಡ್ತಿದ್ರು. ಅವರು ಕೈಯಳತೆ ಇಟ್ಕೊಂಡಿದ್ರು. ಈ ಮಕ್ಕಳು ಲೋಟದಲ್ಲಿ ಹಚ್ಕೊಂಡಿದಾರೆ."

ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಾನು ಅಷ್ಟು ವರ್ಷ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದ ವಸ್ತು ಕಾಲುವೆ ಪಕ್ಕದ ಗಿಡದಲ್ಲಿ ಹನಿಯುತ್ತಿತ್ತು.

ಯಾರು ಹೇಳಿಕೊಟ್ಟರು ಅಂತ ಕೇಳಿದ್ದಕ್ಕೆ ಗೀತಾ ತನ್ನ ಫೋನು ತೆಗೆದು ತೋರಿಸಿದಳು. ಹಿಂದೆಲ್ಲ ಇಂಥದ್ದನ್ನು ಅಜ್ಜಿಯರು ಹೇಳುತ್ತಿದ್ದರು. ಅಜ್ಜಿ ಎದುರಿಗೇ ಇರುತ್ತಿದ್ದಳು, ಸುಟ್ಟರೆ ಒರೆಸಿ ತೊಳೆಯುತ್ತಿದ್ದಳು. ಈಗ ಒಬ್ಬ ನಗುಮುಖದ ಮನುಷ್ಯ, ಹಿಂದೆ ಕೊಳಲಿನ ಸಂಗೀತ. "ಕಾಡತ್ತಿ ಹಾಲು ಹಚ್ಚಿ, ಬಿಸಿಲು ಎಷ್ಟು ಜೋರಿದ್ರೆ ಅಷ್ಟು ಬೇಗ ಗುಣ, ಸೈಡ್ ಎಫೆಕ್ಟ್ ಇಲ್ವೇ ಇಲ್ಲ ಸ್ನೇಹಿತರೇ" ಅನ್ನುತ್ತಿದ್ದ. ಡಾ. ವಸುಧಾ ಅದನ್ನು ಕೊನೆಯವರೆಗೂ ನೋಡಿದರು.

"ನಮ್ಮ ಹತ್ರ ಯಾಕಮ್ಮ ಬರ್ಲಿಲ್ಲ? ಇಲ್ಲೇ ಔಷಧಿ ಕೊಡ್ತಿದ್ವಲ್ಲ."

"ಅವ್ರು ಕರೆದ್ರು ಮೇಡಂ. ಕ್ಯೂನಲ್ಲಿ ನಮ್ಮೂರೋರು ಯಾರಾನ ನೋಡ್ತಾರೆ ಅಂತ ನಾನೇ ಬರ್ಲಿಲ್ಲ. ಅಮ್ಮಂಗೆ, ಅಣ್ಣಂಗೆ ಏಳ್ಬೇಡಿ ಅಂತ ಅವ್ರ ಹತ್ರ ಭಾಷೆ ತಗೊಂಡಿದ್ದೆ."

ಮಹೇಶ ಕಾರಿಡಾರಿನಲ್ಲಿ ತಲೆ ತಗ್ಗಿಸಿದ್ದು ಯಾಕೆ, ಮುಂದಿನ ಮಾತಿಗೆ ತಡವರಿಸಿದ್ದು ಯಾಕೆ ಅನ್ನುವುದು ಆಗ ತಿಳಿಯಿತು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡು ನಾನು ಆಚೆ ಬಂದೆ. ಬೆಂಚಿನ ಮೇಲೆ ತಾಯಿ ಕೂತಿದ್ದಳು. ಅಳು ನಿಂತಿತ್ತು. ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಮಗಳು ಉಳಿಯುತ್ತಾಳೆ, ಗಾಯ ಮಾಯುತ್ತದೆ, ಅಳಿಯನ ತಪ್ಪಿಲ್ಲ, ಪೊಲೀಸರಿಗೂ ಹೇಳುತ್ತೇವೆ ಅಂದೆ. ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವಳು ಆಚೆ ಈಚೆ ನೋಡಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸಿಸ್ಟ್ರಮ್ಮಾ, ಆಸಿಡ್ ಅಂತ್ಲೇ ಇರ್ಲಿ ಬುಡಿ."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. "ಏನಂದ್ರಿ?"

"ಮನೇಲಿ ಇನ್ನೊಬ್ಳು ಅವ್ಳೆ, ಮದ್ವೆ ಆಗ್ಬೇಕು. ಆಸಿಡ್ ಅಂದ್ರೆ ಅವ್ನ್ ಮಾಡ್ದ ಕೆಲ್ಸ ಅಂತಾರೆ. ತೊನ್ನು ಅಂದ್ರೆ ನಮ್ ವಂಶ ಅಂತಾರೆ."

"ಅಮ್ಮಾ, ಅವನು ಜೈಲಿಗೆ ಹೋಗ್ತಾನೆ. ನಿಮ್ಮ ಮಗಳ ಗಂಡ ಅವನು!"

"ಗೊತ್ತು" ಅಂದಳು. ಅವಳ ದನಿಯಲ್ಲಿ ದ್ವೇಷ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇಬ್ಬರು ಹೆಣ್ಣುಮಕ್ಕಳ ತಾಯಿ, ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಳ್ಳುವುದು ಅನ್ನುವ ಲೆಕ್ಕದಲ್ಲಿ ಕೂತಿದ್ದಳು. ಮೇರಿ ಸಿಸ್ಟರ್ ಬೈಯಬೇಡ ಅಂದಿದ್ದರು. ಇಲ್ಲಿ ತೊಳೆಯುವುದಾದರೂ ಏನನ್ನು? ಕೈ ಬಿಡಿಸಿಕೊಂಡು ಎದ್ದು ಬಂದೆ.

ಡಾ. ವಸುಧಾ ತಮ್ಮ ಅಭಿಪ್ರಾಯವನ್ನು ಖಡಾಖಂಡಿತವಾಗಿ ಬರೆದುಕೊಟ್ಟರು. ಗೀತಾ ರುದ್ರಪ್ಪನವರಿಗೆ ತಾನಾಗಿ ಹೇಳಿಕೆ ಕೊಟ್ಟಳು. ಮಹೇಶನ ಮೇಲಿನ ಅನುಮಾನ ಅಲ್ಲಿಗೆ ಹೋಯಿತು. ಹೆಲ್ಮೆಟ್ಟಿನ ಏಟು ಬಿದ್ದಿದ್ದ ಅವನ ಎಡಗಣ್ಣನ್ನು ಮಾತ್ರ ಮೊದಲಿನ ಹಾಗೆ ಮಾಡಲು ಯಾರಿಗೂ ಆಗಲಿಲ್ಲ. ದೊಡ್ಡ ಕಣ್ಣಿನ ಆಸ್ಪತ್ರೆಗೆ ಕಳಿಸಿದೆವು. ಆಪರೇಷನ್ ಆಯಿತು. ಹೊಗೆ ತುಂಬಿದ ಗಾಜಿನ ಆಚೆ ನೋಡಿದ ಹಾಗೆ ಕಾಣುತ್ತದೆ ಅಂತ ಹೇಳಿದ. ವೆಲ್ಡಿಂಗ್ ಮಾಡುವವನಿಗೆ ಕಣ್ಣು ಹೋದ ಮೇಲೆ ಏನು ಉಳಿಯುತ್ತದೆ? ಹೊಡೆದವರ ಮೇಲೆ ದೂರು ಕೊಡುತ್ತೀಯಾ ಅಂತ ರುದ್ರಪ್ಪ ಕೇಳಿದಾಗ, "ಹೆಲ್ಮೆಟ್ಟಲ್ಲಿ ಹೊಡ್ದಿದ್ದು ನಮ್ ಭಾವ ಸಾರ್. ಮಿಕ್ಕೋರು ಯಾರಂತ ಬರ್ಸಲಿ? ಮುಖಾನೇ ನೋಡ್ಲಿಲ್ಲ" ಅಂದ.

ಗೀತಾ ತಿಂಗಳುಗಟ್ಟಲೆ ಡ್ರೆಸ್ಸಿಂಗಿಗೆ ಬಂದಳು. ಗಾಯ ಒಣಗಿತು, ಆದರೆ ಒಣಗಿದ ಜಾಗ ಕಪ್ಪಗೆ, ಮಸಿ ಬಳಿದ ಹಾಗಾಯಿತು. ತೋಳಿನ ಮೇಲಿನ ಬೆರಳುಗಳೂ ಕಪ್ಪಾಗಿ ಬಹಳ ಕಾಲ ಉಳಿದವು. ಬೊಬ್ಬೆಯ ಅಡಿಯಲ್ಲಿ ಆ ದಿನ ನಮಗೆ ಕಾಣದಿದ್ದ ಬಿಳಿ ಕಲೆಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಡಾ. ವಸುಧಾ ಸರಿಯಾದ ಚಿಕಿತ್ಸೆ ಶುರು ಮಾಡಿದರು. ಸ್ವಲ್ಪ ಸ್ವಲ್ಪ ಬಣ್ಣ ಮರಳುತ್ತಿತ್ತು, ಬೇರೆ ಕಡೆ ಹೊಸದೊಂದು ಬರುತ್ತಿತ್ತು. ಒಂದು ದಿನ ಅವಳು ಬ್ಯಾಂಡೇಜು ಬಿಚ್ಚಿಸಿಕೊಳ್ಳುತ್ತಾ, "ಅಣ್ಣ ಈಗ ದಿನಾ ಬೆಳಿಗ್ಗೆ ಬಂದು ಇವ್ರನ್ನ ಮಾರ್ಕೆಟ್ಗೆ ಕರ್ಕೊಂಡ್ ಓಗ್ತಾನೆ ಸಿಸ್ಟರ್. ತಕ್ಕಡಿ ಹತ್ರ ಕೆಲ್ಸ ಕೊಡ್ಸವ್ನೆ" ಅಂದಳು.

"ತಪ್ಪಾಯ್ತು ಅಂದ್ನಾ?"

"ಇಲ್ಲ. ಇಬ್ರೂ ದಾರೀಲಿ ಮಾತೇ ಆಡಲ್ವಂತೆ. ದಿನಾ ಬರ್ತಾನೆ, ಅಷ್ಟೆ."

ಈ ಪ್ರಕರಣ ಆದ ಮೇಲೆ ನಮ್ಮ ಪದ್ಧತಿ ಬದಲಾಯಿತು. ಮುಂಚೆ ನಾವು ಏನಾಯ್ತು ಅಂತ ಕೇಳುತ್ತಿದ್ದೆವು. ಡಾ. ವಸುಧಾ ಅದನ್ನು ನಿಲ್ಲಿಸಿದರು. ಯಾವ ಸುಟ್ಟಗಾಯ ಬರಲಿ, ಮೊದಲು ಏನು ಹಚ್ಚಿದ್ರಿ, ಯಾವ ಗಿಡ ಮುಟ್ಟಿದ್ರಿ, ಆಮೇಲೆ ಬಿಸಿಲಿಗೆ ಹೋಗಿದ್ರಾ ಅಂತ ಕೇಳಬೇಕು. ಕೇಳುವಾಗ ಮನೆಯವರು ಯಾರೂ ಪಕ್ಕದಲ್ಲಿ ಇರಬಾರದು. ಹೊಸ ಡಾಕ್ಟರುಗಳಿಗೆ ಇದು ಕಿರಿಕಿರಿ ಅನ್ನಿಸುತ್ತಿತ್ತು. ಮುಂದಿನ ವರ್ಷ ಕೆಂಪಾಪುರದ ಒಂದು ಬಂಗಲೆಯಲ್ಲಿ ತೋಟದ ಕೆಲಸ ಮಾಡುವ ಸಲೀಂ ಅನ್ನುವವರು ಬಂದರು. ಎರಡೂ ಕೈಗಳ ಮೇಲೆ ಚಾಟಿಯಲ್ಲಿ ಬಾರಿಸಿದ ಹಾಗೆ ಉದ್ದುದ್ದ ಬೊಬ್ಬೆ. ಕರೆತಂದಿದ್ದ ಮಗ ಮಾಲೀಕರೇ ಹೊಡೆದಿದ್ದಾರೆ ಅಂತ ಕೋಪದಲ್ಲಿ ಕುದಿಯುತ್ತಿದ್ದ, ನಾಲ್ಕು ಜನರನ್ನು ಕಟ್ಟಿಕೊಂಡು ಹೋಗುವವನಿದ್ದ. ಮಗನನ್ನು ಆಚೆ ಕಳಿಸಿ ನಾನು ಕೇಳಿದೆ. ಹಿಂದಿನ ದಿನ ಅಂಗಳದ ಅಂಜೂರದ ಗಿಡದ ರೆಂಬೆಗಳನ್ನು ಸವರಿ, ತೋಳಲ್ಲಿ ಅಪ್ಪಿಕೊಂಡು ಹೊತ್ತು ಹಾಕಿದ್ದರು, ಉರಿಬಿಸಿಲಲ್ಲಿ. ಅಂಜೂರವೂ ಅತ್ತಿಯ ಸಂಬಂಧಿಕನೇ. ಮಗನನ್ನು ಒಳಗೆ ಕರೆದು, ಅವನ ಮನೆಯ ಭಾಷೆಯಲ್ಲೇ ಬಿಡಿಸಿ ಹೇಳಿ ಕೂರಿಸಿದೆ. ಒಂದು ಪ್ರಶ್ನೆ ಕೇಳದಿದ್ದರೆ ಆ ಬಂಗಲೆಯ ಗೇಟಿನಲ್ಲೂ ನಮ್ಮ ಕಾರಿಡಾರಿನಲ್ಲಿ ಆದದ್ದೇ ಆಗುತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ರುದ್ರಪ್ಪ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ಯಾವಾಗಲೂ ಆಚೆಯಿಂದಲೇ ಕೂಗಿ ಮಾತಾಡುವ ಮನುಷ್ಯ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಸಿಸ್ಟರ್, ಆ ಮರ ಚಿಕ್ಕಬಾಣಾವರದಲ್ಲಿ ಎಲ್ಲಿ ಅಂದಿದ್ಲು ಆ ಹುಡುಗಿ?"

ಕೇಸಿಗೆ ಏನೋ ಬೇಕಾಗಿರಬೇಕು ಅಂದುಕೊಂಡೆ. "ಕಾಲುವೆ ಪಕ್ಕ ಅಂದಿದ್ಲು. ಯಾಕೆ ರುದ್ರಪ್ಪನೋರೇ, ಅದು ಮುಗೀತಲ್ಲ?"

"ಕೇಸಿಗಲ್ಲ." ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಮ್ಮ ಚಿಕ್ಕ ಮಗಳಿಗೆ ಮೊಣಕೈ ಹತ್ರ ಬಂದಿದೆ. ತುಟಿ ಪಕ್ಕಾನೂ ಸ್ವಲ್ಪ. ಆ ಹುಡುಗಿ ತಲೆ ತಿರುಗೋವರ್ಗೂ ನಿಂತಿದ್ಲಲ್ಲ, ಅದಕ್ಕೆ ಹಂಗಾಯ್ತು. ಸ್ವಲ್ಪ ಕಮ್ಮಿ ಹೊತ್ತು ನಿಲ್ಲಿಸಿದ್ರೆ ಆಗಲ್ವಾ?"

ನನ್ನ ಕೈಯಲ್ಲಿದ್ದ ಕತ್ತರಿ ಟ್ರೇಗೆ ಬಿತ್ತು. ಗೀತಾಳ ಬೊಬ್ಬೆಗಳನ್ನು ಬಗ್ಗಿ ನೋಡಿದ್ದವರು ಇವರು. ಅವಳ ಹೇಳಿಕೆ ಬರೆದುಕೊಂಡವರು ಇವರು. ಮಹೇಶನ ಕಣ್ಣಿನ ರಕ್ತ ಇವರ ಬೂಟಿನ ಮೇಲೆ ಬಿದ್ದಿತ್ತು.

"ನೀವೇ ಕಣ್ಣಾರೆ ನೋಡಿದ್ರಲ್ಲ ಸಾರ್! ಆ ಹುಡುಗಿ ಬೆಂದಿದ್ದನ್ನ ನೋಡ್ಲಿಲ್ವಾ ನೀವು?"

"ನೋಡ್ದೆ ಸಿಸ್ಟರ್" ಅಂದರು. ಆ ದೊಡ್ಡ ಗಂಟಲು ಎಲ್ಲೋ ಆಳಕ್ಕೆ ಇಳಿದಿತ್ತು. "ಅವಳು ತೊನ್ನು ಅಂದಾಗ ಜನ ಹಿಂದಕ್ಕೆ ಸರಿದ್ರಲ್ಲ, ಅದನ್ನೂ ನೋಡ್ದೆ. ನಾನೂ ಒಂದು ಹೆಜ್ಜೆ ಸರಿದಿದ್ದೆ."

ನಾನು ಕುರ್ಚಿ ಎಳೆದು ಅವರನ್ನು ಕೂರಿಸಿದೆ. ಲೋಷನ್ನಿನ ವಿಷಯ, ಮಾತ್ರೆಯ ವಿಷಯ, ಡಾ. ವಸುಧಾ ಕೂರುವ ದಿನಗಳು, ಎಲ್ಲ ಹೇಳಿದೆ. ಮರದ ಹತ್ತಿರ ಹೋಗುವುದಿಲ್ಲ ಅಂತ ಅವರಿಂದ ಮಾತು ತಗೊಂಡೆ. ಅವರು ಮಾತು ಕೊಟ್ಟರು, ಆದರೆ ಬರುತ್ತೇನೆ ಅಂತ ಮಾತ್ರ ಹೇಳಲಿಲ್ಲ.

ಮರುದಿನ ಬಂದರು. ಯೂನಿಫಾರ್ಮ್ ಇರಲಿಲ್ಲ, ತಲೆಗೆ ಮಫ್ಲರ್ ಸುತ್ತಿಕೊಂಡಿದ್ದರು. ಹಿಂದೆ ಮಗಳು, ಹೈಸ್ಕೂಲಿನ ಹುಡುಗಿ, ಸೆಕೆಯಲ್ಲೂ ಬೆರಳಿನವರೆಗೆ ಮುಚ್ಚಿದ ತುಂಬುತೋಳಿನ ಬಟ್ಟೆ, ಬಾಯಿಗೆ ಮಾಸ್ಕು. ಇಡೀ ಆಸ್ಪತ್ರೆಯ ಕ್ಯೂಗಳನ್ನು ಗದರಿಸಿ ನೆಟ್ಟಗೆ ಮಾಡುತ್ತಿದ್ದ ಮನುಷ್ಯ ಕ್ಯೂನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರ ಸರದಿ ಬಂದಾಗ ಚೀಟಿ ಬರೆಯುತ್ತಿದ್ದವಳು ನಾನೇ.

"ಮಗಳ ಹೆಸರೇನು?" ಅಂದೆ.

ಅವರು ಒಂದು ಹೆಸರು ಹೇಳಿದರು. ಮಗಳು ತಟ್ಟನೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅದು ಅವಳ ಹೆಸರಲ್ಲ ಅಂತ ನನಗೆ ಆ ನೋಟದಲ್ಲೇ ಗೊತ್ತಾಯಿತು. ಅವರು ಹೇಳಿದ ಹೆಸರನ್ನೇ ಬರೆದು, ಚೀಟಿಯನ್ನು ಹುಡುಗಿಯ ಕೈಗೆ ಕೊಟ್ಟೆ.